ಮಾತು ಕೇಳದ ಹುಡುಗಿ

ನಮ್ಮ ವಠಾರದಲ್ಲಿ ದಿನಕ್ಕೆ ಹತ್ತು ಸಲವಾದರೂ ಏಳುತ್ತಿದ್ದ ದೂರು ಒಂದೇ: ಈ ಹುಡುಗಿ ಮಾತು ಕೇಳಲ್ಲ. ಹುಡುಗಿ ಅಂದರೆ ನನ್ನ ಅಕ್ಕನ ಮಗಳು, ಆಗ ಎರಡೂವರೆ ವರ್ಷದವಳು. ರಾಯಚೂರು ಕಡೆಯವರಾದ ನಮ್ಮ ಮನೆಯಲ್ಲಿ ಅದು ‘ಮಾತ್ ಕೇಳಂಗಿಲ್ಲ’. ಮನೆ ಓನರ್ ಅಮ್ಮನ ತಮಿಳಿನಲ್ಲಿ ‘ಸೊನ್ನಾ ಕೇಕ್ಕಾದು’. ಬೆಳಿಗ್ಗೆ ಸೈಕಲ್ಲಿನಲ್ಲಿ ಮೊಟ್ಟೆ ತರುತ್ತಿದ್ದ ಚಾಚಾ ಬಾಯಲ್ಲಿ ‘ಸುನ್ತೀಚ್ ನೈ’. ಭಾಷೆ ಮೂರು, ದೂರು ಒಂದು. ಮೂವರ ಧ್ವನಿಯನ್ನೂ ನಾನು ಚೆನ್ನಾಗಿಯೇ ತೆಗೆಯುತ್ತಿದ್ದೆ. ದೂರಿನ ಅರ್ಥ ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ನನ್ನ ತಲೆಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ತೊಂಬತ್ತರ ದಶಕ ಮುಗಿಯುತ್ತಿತ್ತು, ನನಗೆ ಇಪ್ಪತ್ತು. ಪಿಯುಸಿ ಪರೀಕ್ಷೆಯನ್ನು ಎರಡು ಸಲ ಬರೆದು, ಎರಡು ಸಲವೂ ಅದಕ್ಕೇ ಗೆಲ್ಲಲು ಬಿಟ್ಟು, ಹಲಸೂರು ಬಜಾರಿನ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅದು ಹೊಟ್ಟೆಪಾಡು. ನನ್ನ ಲೆಕ್ಕದಲ್ಲಿ ನಾನು ಮಿಮಿಕ್ರಿ ಕಲಾವಿದ. ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಹಾಡುವವರು ನೀರು ಕುಡಿಯಲು ಹೋದಾಗ ಸಿಗುವ ಐದು ನಿಮಿಷ ನನ್ನದು. ಅವರು ಬೇಗ ಕುಡಿದು ಬಂದರೆ ಮೂರೇ ನಿಮಿಷ. ನನಗೆ ಬರದ ಧ್ವನಿ ಇರಲಿಲ್ಲ. ಸಿಟಿ ಬಸ್ಸಿನ ಕಂಡಕ್ಟರು, ಓನರ್ ಅಮ್ಮ, ಚಾಚಾ, ಸೀನುವಾಗ ಮನೆದೇವರನ್ನು ಕರೆಯುವ ನಮ್ಮಪ್ಪ, ಪ್ರೆಷರ್ ಕುಕ್ಕರು, ಕೆಟ್ಟ ಸ್ಕೂಟರು. ನನ್ನ ಸ್ವಂತ ಧ್ವನಿ ಯಾವುದು ಅಂತ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ನಾವಿದ್ದದ್ದು ಮರ್ಫಿ ಟೌನಿನಲ್ಲಿ. ಎದುರುಬದುರು ಆರು ಕೋಣೆ, ನಡುವೆ ಉದ್ದನೆಯ ಅಂಗಳ, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ, ಮೇಲೆ ಮಹಡಿಯಲ್ಲಿ ಓನರ್ ಅಮ್ಮ. ಅಂಗಳಕ್ಕೆ ಹಾಸಿದ್ದ ಚಪ್ಪಡಿಗಳು ಗಟ್ಟಿಯಾಗಿ ಕೂತಿರಲಿಲ್ಲ. ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿ ಟಕ್ಕೆಂದು ಏಳುತ್ತಿತ್ತು. ಒಂದು ಕೋಣೆಯಲ್ಲಿ ಅಪ್ಪ, ಅವ್ವ, ನಾನು. ಪಕ್ಕದ ಕೋಣೆಯಲ್ಲಿ ಅಕ್ಕ, ಭಾವ ಮತ್ತು ಈ ಮಾತು ಕೇಳದ ಹುಡುಗಿ. ಅಪ್ಪ ಗಾರೆ ಕೆಲಸಕ್ಕೂ ಅಕ್ಕ ಇಂದಿರಾನಗರದಲ್ಲಿ ನಾಲ್ಕು ಮನೆಗಳ ಪಾತ್ರೆ-ಬಟ್ಟೆಗೂ ಹೋಗುತ್ತಿದ್ದರು. ಭಾವನಿಗೆ ಅಲ್ಲೇ ಒಂದು ಆಫೀಸಿನಲ್ಲಿ ವಾಚ್‌ಮನ್ ಕೆಲಸ. ಮಗು ಅವ್ವನ ಪಾಲಿಗೆ. ಸಂಜೆಯಾದರೆ ನನ್ನ ಪಾಲಿಗೆ.

ನನ್ನ ಜೀವನದಲ್ಲಿ ಅಂಥ ಪ್ರೇಕ್ಷಕಿ ಮತ್ತೆ ಸಿಕ್ಕಿಲ್ಲ. ಅವಳ ಮುಂದೆ ಕೂತು ಕೆನ್ನೆ ಉಬ್ಬಿಸಿ, ಕಣ್ಣು ಅಗಲ ಮಾಡಿ, ಕಂಡಕ್ಟರ್ ಸೀಟಿ ಊದುವಂತೆ ‘ಪೀ’ ಅಂದು, ‘ಒಳಗೆ ಹೋಗ್ರೀ ಸ್ವಾಮಿ, ಒಳಗೆ ಮೈದಾನ ಇದ್ದಂಗಿದೆ’ ಅಂದರೆ ಸಾಕು, ಹೊಟ್ಟೆ ಹಿಡಿದುಕೊಂಡು ಮಗ್ಗುಲಿಗೆ ಉರುಳುತ್ತಿದ್ದಳು. ಆರ್ಕೆಸ್ಟ್ರಾದ ಜನ ಇದೇ ಐಟಂಗೆ ಶೇಂಗಾ ಸಿಪ್ಪೆ ಎಸೆದಿದ್ದರು. ಇವಳು ದಿನಾ ನೋಡಿದರೂ ದಿನಾ ಉರುಳುತ್ತಿದ್ದಳು. ಕಲೆಯ ಬೆಲೆ ಗೊತ್ತಿರುವವಳು ಈ ವಠಾರದಲ್ಲಿ ಇವಳೊಬ್ಬಳೇ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ.

ಮಾತು ಮಾತ್ರ ಒಂದೂ ಬಂದಿರಲಿಲ್ಲ. ‘ಅವ್ವ’ ಇಲ್ಲ, ‘ಅಪ್ಪ’ ಇಲ್ಲ. ಬೇಕಾದ್ದಕ್ಕೆ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದಳು. ಸಿಗದಿದ್ದರೆ ಒಂದೇ ಸ್ವರದಲ್ಲಿ ಕಿರುಚುತ್ತಿದ್ದಳು. ಕೆಲವು ಸಲ ನಮ್ಮ ಮುಖ ನೋಡುತ್ತಾ ತುಟಿಗಳನ್ನು ಅಲ್ಲಾಡಿಸುತ್ತಿದ್ದಳು, ಧ್ವನಿ ಇಲ್ಲದೆ. ಅವ್ವ ಅದನ್ನು ನೋಡಿ, ‘ಕೂಸು ಭಾಳ ನಾಚಿಕಿ ಸ್ವಭಾವದ್ದು, ಮೆತ್ತಗ ಮಾತಾಡ್ತದ’ ಅನ್ನುತ್ತಿದ್ದಳು. ಎಷ್ಟು ಮೆತ್ತಗೆ ಅಂದರೆ ಯಾರಿಗೂ ಕೇಳದಷ್ಟು.

ಇದಕ್ಕೆ ಕಾರಣ ಹುಡುಕುವುದು ವಠಾರದ ಸಾರ್ವಜನಿಕ ಕೆಲಸವಾಯಿತು. ಓನರ್ ಅಮ್ಮನ ಪ್ರಕಾರ ತಪ್ಪೆಲ್ಲ ಭಾಷೆಗಳದ್ದು. ‘ನೋಡು ತಂಬಿ, ನಾನು ತಮಿಳು ಮಾತಾಡ್ತೀನಿ, ನೀವು ಅದೇನೋ ನಿಮ್ಮೂರು ಕನ್ನಡ, ಎದುರುಮನೆ ಬಾಯಮ್ಮ ಉರ್ದು. ಕೊಳಂದೆ, ಪಾಪ ಮಗು, ಯಾವುದು ಅಂತ ಹಿಡಿಯುತ್ತೆ? ಮೂರೂ ಸೇರಿ ಒಳಗೆ ಗಂಟು ಬಿದ್ದಿದೆ. ಬಿಚ್ಚೋವರೆಗೆ ಕಾಯಬೇಕು.’

ಅದೇ ವಠಾರದ ಉಳಿದ ಮಕ್ಕಳೆಲ್ಲ ಮೂರೂ ಭಾಷೆಯಲ್ಲಿ ಜಗಳವಾಡುತ್ತಿದ್ದವು, ಬೈಗುಳಕ್ಕೆ ನಾಲ್ಕನೆಯದಾಗಿ ತೆಲುಗನ್ನೂ ಇಟ್ಟುಕೊಂಡಿದ್ದವು ಅನ್ನುವುದು ಅವರಿಗೆ ಕಾಣಲಿಲ್ಲ. ನನಗಾದರೂ ಕಂಡಿತೆ? ನಾನು ಆ ಗಂಟು ಬಿಚ್ಚುವ ದೃಶ್ಯವನ್ನೇ ಐಟಂ ಮಾಡಿಕೊಂಡೆ.

ಚಾಚಾ ದಿನಕ್ಕೊಂದು ನಾಟಿ ಮೊಟ್ಟೆ ಹೇಳಿದರು. ‘ಅಂಡಾ ಖಿಲಾವ್ ಬೇಟಾ, ಜಬಾನ್ ಖುಲ್ ಜಾತಿ.’ ನಾಲಿಗೆ ಬಿಚ್ಚಿಕೊಳ್ಳುತ್ತದಂತೆ. ಅವ್ವ ಬಜೆಯ ಕೊಂಬು ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿದಳು, ಎರಡು ತಿಂಗಳು. ಯಾರೋ ನಾಲಿಗೆಯ ಕೆಳಗಿನ ನರ ಕತ್ತರಿಸಬೇಕು ಅಂದರು. ಎಲ್ಲರೂ ನಾಲಿಗೆಯ ಸುತ್ತಲೇ ಓಡಾಡುತ್ತಿದ್ದೆವು. ಅಲ್ಲಿಂದ ನಾಲ್ಕು ಬೆರಳು ದೂರದಲ್ಲಿ ಕಿವಿ ಇದೆ ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ.

ಭಾವನದು ಬೇರೆ ಸಿದ್ಧಾಂತ. ‘ನಂದೂ ತಡಾನೇ. ನಾಲ್ಕು ವರ್ಷಕ್ಕ ಬಾಯಿ ಬಿಟ್ಟೀನಿ ನಾ. ನಮ್ಮವ್ವನ್ನ ಕೇಳು.’

‘ಬಿಟ್ಟಿದ್ದು ಮುಚ್ಚೇ ಇಲ್ವಲ್ಲ ಭಾವ’ ಅಂದೆ.

‘ನಿನ್ನ ಸೊಸಿನೂ ಹಂಗಾ ಆಗ್ತಾಳ, ನೋಡ್ಕೋತ ಇರು.’

ಹೊಳೆಯಲಿಲ್ಲ ಅಂದದ್ದು ಪೂರ್ತಿ ನಿಜವಲ್ಲ. ಒಂದು ಸಲ ಅಪ್ಪ ಬೀಡಿ ಹಚ್ಚುತ್ತಾ, ‘ಕಿವಿ ಕೇಳ್ತದೋ ಇಲ್ಲೋ’ ಅಂದಿದ್ದ. ಕೂಡಲೇ ಪರೀಕ್ಷೆ ನಡೆಯಿತು. ಮಗು ಆ ಕಡೆ ತಿರುಗಿ ಕೂತಿದ್ದಾಗ ಅವ್ವ ಕಬ್ಬಿಣದ ಕುಟ್ಟಾಣಿಯನ್ನು ಎತ್ತರದಿಂದ ಚಪ್ಪಡಿಯ ಮೇಲೆ ಬಿಟ್ಟಳು. ಮಗು ತಟ್ಟನೆ ತಿರುಗಿ ನೋಡಿತು. ಓನರ್ ಅಮ್ಮ ‘ಅಯ್ಯೋ, ಪಾಂಬು ಕಿವಿ’ ಅಂದರು. ಹಾವಿನ ಕಿವಿ ಇದ್ದಷ್ಟು ಚುರುಕಂತೆ. ಕಲ್ಲು ಅಲ್ಲಾಡಿದರೆ ಕೂತವರ ಕುಂಡೆಗೆ ಗೊತ್ತಾಗುತ್ತದೆ, ಅದಕ್ಕೆ ಕಿವಿ ಬೇಕಿಲ್ಲ ಅಂತ ಯಾರೂ ಹೇಳಲಿಲ್ಲ.

ಎರಡನೆಯ ಸಾಕ್ಷಿ ನಾನೇ ಒದಗಿಸಿದೆ. ಒಂದು ಭಾನುವಾರ ಅವಳನ್ನು ಕ್ಯಾಸೆಟ್ ಅಂಗಡಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ನನ್ನ ಸೊಂಟದಷ್ಟು ಎತ್ತರದ ಸ್ಪೀಕರ್ ಇತ್ತು. ಅವಳು ನೇರ ಹೋಗಿ ಅದರ ಬಲೆಗೆ ಕೆನ್ನೆ ಒತ್ತಿ, ಎರಡೂ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಳು. ಒಂದಿಡೀ ಹಾಡು ಮುಗಿಯುವವರೆಗೂ ಕದಲಲಿಲ್ಲ. ಮಾಲೀಕರು, ‘ಮಗಾ, ಇವಳು ದೊಡ್ಡ ಸಿಂಗರ್ ಆಗ್ತಾಳೆ ಬರ್ಕೋ’ ಅಂದರು. ಬರೆದುಕೊಂಡೆ. ಮನೆಗೆ ಬಂದು ಸಾರಿದೆ. ಮೂರನೆಯ ಸಾಕ್ಷಿ ದೀಪಾವಳಿ. ಸರಪಟಾಕಿಗೆ ವಠಾರದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಓಡಿದರೆ ಇವಳು ಎದುರಿಗೇ ನಿಂತು ಬೆಳಕು ನೋಡಿ ನಕ್ಕಳು. ಧೈರ್ಯವಂತೆ ಅಂದೆವು.

ಇಷ್ಟೆಲ್ಲ ಸಾಕ್ಷಿಯ ಮೇಲೆ ತೀರ್ಪು ಏನಾಯಿತು? ಕಿವಿ ಚೆನ್ನಾಗಿದೆ, ಬುದ್ಧಿ ಚುರುಕಾಗಿದೆ, ಧೈರ್ಯ ಬೇಕಾದಷ್ಟಿದೆ. ಅಂದಮೇಲೆ ಕರೆದರೆ ಬರದಿರುವುದು ಹಟ. ಹಟಕ್ಕೆ ಏಟು.

ಒಂದು ಸಂಜೆ ಅವಳು ಓಣಿಯ ನಡುವೆ ಕೂತು ಮಣ್ಣು ಗೀರುತ್ತಿದ್ದಳು. ಹಿಂದಿನಿಂದ ಆಟೋ ಬಂತು, ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಅವಳು ಕದಲಲಿಲ್ಲ. ಆಟೋದವನು ಅವಳ ಬೆನ್ನಿಗೆ ಒಂದು ಮೊಳ ದೂರದಲ್ಲಿ ಬ್ರೇಕ್ ಹಾಕಿ ಇಡೀ ಓಣಿಯ ತಾಯಂದಿರನ್ನು ಬೈದ. ಕೆಲಸದಿಂದ ಆಗಷ್ಟೇ ಬಂದಿದ್ದ ಅಕ್ಕ ಓಡಿಹೋಗಿ ಮಗುವನ್ನು ತೋಳು ಹಿಡಿದು ಎಳೆದು ಬಲಗೈಯಲ್ಲಿ ಬೆನ್ನಿಗೆ ಮೂರು ಬಾರಿಸಿದಳು. ‘ಎಷ್ಟ್ ಸಲ ಒದರ್ಲಿ ನಿನಗ? ಮಾತ್ ಕೇಳಂಗಿಲ್ಲ? ಕೇಳಂಗಿಲ್ಲ ನೀ?’ ಒಂದೊಂದು ಪ್ರಶ್ನೆಗೆ ಒಂದೊಂದು ಏಟು. ಮಗು ಅಳಲಿಲ್ಲ ಮೊದಲು. ಅಮ್ಮನ ಬಾಯನ್ನೇ ನೋಡುತ್ತಿತ್ತು. ಆಮೇಲೆ ಅತ್ತಿತು.

ನಾನು ಎತ್ತಿಕೊಂಡು ಬಂದು ಕಂಡಕ್ಟರ್ ಸೀಟಿ ಊದಿದೆ. ಕಣ್ಣೀರಿನ ನಡುವೆಯೇ ನಕ್ಕಳು. ಅಕ್ಕ ಅದನ್ನೂ ಸಾಕ್ಷಿಗೆ ಸೇರಿಸಿಕೊಂಡಳು. ‘ನೋಡ, ನಿನ್ನ ಮಾತ್ ಹೆಂಗ್ ಕೇಳ್ತದ. ನನ್ ಮಾತ್ ಅಂದ್ರ ಅದಕ್ಕ ಸಸಾರ.’

ಹೀಗೆ ನಾನೇ ಮುಖ್ಯ ಸಾಕ್ಷಿ. ಕಿವಿಯ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಿದ್ದರು: ಕೇಳದೇ ಇದ್ದರೆ ಇವನ ಮಿಮಿಕ್ರಿಗೆ ಹೆಂಗೆ ನಗ್ತಾಳೆ? ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ.

ಈ ಸುಖವನ್ನು ಕೆಡಿಸಿದವರು ಅಂಗನವಾಡಿ ಟೀಚರ್. ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತಿದ್ದರು. ಅವತ್ತು ಅವ್ವನಿಗೆ ಕಾಲುನೋವು, ನಾನು ಕರೆದುಕೊಂಡು ಹೋಗಿದ್ದೆ. ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದ ಟೀಚರ್ ತಲೆಯೆತ್ತಿ ಮಗುವನ್ನು ಹೆಸರು ಹಿಡಿದು ಕರೆದರು. ಮಗು ಅವರ ಬಾಯಿ ನೋಡಿ ಹತ್ತಿರ ಹೋಯಿತು. ಅವರು ಆಟದ ಸಾಮಾನು ಕೊಟ್ಟು ಕೂರಿಸಿದರು. ಆಮೇಲೆ ಹಾಜರಿ ಪುಸ್ತಕವನ್ನು ಮೂಗಿನವರೆಗೆ ಎತ್ತಿ ಹಿಡಿದು, ಅದರ ಹಿಂದಿನಿಂದ ಅದೇ ಹೆಸರನ್ನು ಇನ್ನೂ ಗಟ್ಟಿಯಾಗಿ ಕರೆದರು. ಮಗು ಆಡುತ್ತಲೇ ಇತ್ತು. ಮತ್ತೆ ಕರೆದರು. ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ತಿರುಗಿ ನೋಡಿದಳು, ಮಗು ನೋಡಲಿಲ್ಲ.

‘ಯಾವಾಗ್ಲಾದ್ರೂ ಬಾಯಿ ಮುಚ್ಚಿ ಕರ್ದಿದೀರಾ ಇವಳನ್ನ?’

‘ಬಾಯಿ ಮುಚ್ಕೊಂಡು ಯಾರಾದ್ರೂ ಕರೀತಾರಾ ಟೀಚರ್?’

‘ಜಾಣತನ ಬೇಡ. ಇವಳಿಗೆ ಕಿವಿ ಕೇಳಿಸಲ್ಲ ಅನ್ಸುತ್ತೆ. ದೊಡ್ಡಾಸ್ಪತ್ರೇಲಿ ತೋರಿಸಿ.’

ನಾನು ನಕ್ಕೆ. ಮುಖ್ಯ ಸಾಕ್ಷಿಯ ಹೇಳಿಕೆ ಕೊಟ್ಟೆ. ನನ್ನ ಮಿಮಿಕ್ರಿಗೆ ಅವಳು ಉರುಳಿ ಉರುಳಿ ನಗುತ್ತಾಳೆ ಅಂದೆ.

‘ನಿನ್ನ ಮುಖ ನೋಡಿ ನಗ್ತಾಳಪ್ಪಾ’ ಅಂದರು ಟೀಚರ್, ಪುಸ್ತಕಕ್ಕೆ ತಲೆ ತಗ್ಗಿಸುತ್ತಾ. ‘ನೀನು ಬಾಯಿ ಬಿಡೋಕೆ ಮುಂಚೆ ನನಗೂ ಬರುತ್ತೆ ನಗು. ಈಗ್ಲೇ ತಡ ಆಗಿದೆ. ಮಾತು ಕೂರೋ ವಯಸ್ಸು ಇದು, ಒಂದೊಂದು ತಿಂಗಳೂ ಹೋದ್ರೆ ಹೋಯ್ತು.’

ಕೊನೆಯ ಮಾತು ನನಗೆ ಆಗ ಸರಿಯಾಗಿ ಕೇಳಿಸಲೇ ಇಲ್ಲ. ಕಲಾವಿದನಿಗೆ ಅವಮಾನವಾಗಿತ್ತು. ಟೀಚರ್ ಮಾತು ಸುಳ್ಳು ಅಂತ ತೋರಿಸಲು ಆ ಭಾನುವಾರವೇ ವಠಾರದವರನ್ನೆಲ್ಲ ಅಂಗಳದಲ್ಲಿ ಕೂರಿಸಿದೆ. ಬಟ್ಟೆ ಒಣಗಿಸುವ ತಂತಿಯ ಮೇಲೆ ಎರಡು ಬೆಡ್‌ಶೀಟ್ ಹರವಿ ಅದರ ಹಿಂದೆ ನಿಂತೆ. ಮುಖ ಯಾರಿಗೂ ಕಾಣುವುದಿಲ್ಲ, ಬರೀ ಧ್ವನಿ. ಮಗುವನ್ನು ಎಲ್ಲರಿಗಿಂತ ಮುಂದೆ, ಶೀಟಿನಿಂದ ಎರಡು ಅಡಿ ದೂರದಲ್ಲಿ ಕೂರಿಸಲು ಹೇಳಿದೆ.

ಕಂಡಕ್ಟರ್ ತೆಗೆದೆ. ಓನರ್ ಅಮ್ಮನನ್ನು ತೆಗೆದೆ, ಅವರೇ ಜೋರಾಗಿ ನಕ್ಕರು. ಅಪ್ಪನ ಸೀನು ತೆಗೆದೆ. ಅಂಗಳ ಹಾರಿಹೋಗುವಂತೆ ನಗು. ಗೆದ್ದೆ ಅಂದುಕೊಂಡು ಶೀಟಿನ ಅಂಚು ಸರಿಸಿ ಇಣುಕಿದೆ.

ಮಗು ಬಟ್ಟೆಯ ಕ್ಲಿಪ್ಪುಗಳನ್ನು ಮಗ್ಗಿನಲ್ಲಿ ತುಂಬುತ್ತಿತ್ತು. ಒಂದೊಂದಾಗಿ. ಸೀಟಿ ಅಷ್ಟು ಹತ್ತಿರದಲ್ಲಿ ಊದಿದ್ದೆ. ನಡುವೆ ಹಿಂದೆ ತಿರುಗಿದಳು. ಎಲ್ಲರೂ ನಗುತ್ತಿರುವುದು ಕಂಡಿತು. ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಕಣ್ಣಾಡಿಸಿ, ಅಮ್ಮನ ಮುಖದಲ್ಲಿ ನಿಲ್ಲಿಸಿ, ಆಮೇಲೆ ತಾನೂ ನಕ್ಕಳು. ಆರ್ಕೆಸ್ಟ್ರಾದ ಮೂರು ನಿಮಿಷದಲ್ಲಿ ನಾನು ಬೇರೇನೂ ಕಲಿಯದಿದ್ದರೂ ನಗು ಯಾವಾಗ ಬರುತ್ತದೆ ಅನ್ನುವುದನ್ನು ಕಲಿತಿದ್ದೆ. ಇವಳ ನಗು ತಡವಾಗಿ ಬಂದಿತ್ತು. ಜೋಕಿಗೆ ನಕ್ಕವಳಲ್ಲ, ಅಮ್ಮನಿಗೆ ನಕ್ಕವಳು.

ಶೀಟನ್ನು ಪೂರ್ತಿ ಎಳೆದುಹಾಕಿದೆ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆನ್ನೆ ಉಬ್ಬಿಸಿ, ಕಣ್ಣು ಅಗಲಿಸಿ, ತುಟಿಯನ್ನಷ್ಟೇ ಆಡಿಸಿ ಇಡೀ ಕಂಡಕ್ಟರ್ ಐಟಂ ಮಾಡಿದೆ. ಧ್ವನಿ ಒಂದು ಚೂರೂ ಹೊರಡಿಸಲಿಲ್ಲ. ವಠಾರಕ್ಕೆ ವಠಾರವೇ ಸುಮ್ಮನೆ ಕೂತಿತ್ತು, ಅವರಿಗೆ ಏನೂ ಕೇಳಿಸಿರಲಿಲ್ಲವಲ್ಲ. ಅವಳೊಬ್ಬಳು ಹೊಟ್ಟೆ ಹಿಡಿದುಕೊಂಡು ಉರುಳಿದಳು. ಎದ್ದು ಕೂತು, ತಾನೂ ಕೆನ್ನೆ ಉಬ್ಬಿಸಿ, ಧ್ವನಿಯಿಲ್ಲದೆ ನನ್ನನ್ನೇ ನನಗೆ ಮಾಡಿ ತೋರಿಸಿದಳು. ಅಚ್ಚು ನಾನೇ.

ಇಷ್ಟು ದಿನ ಇವಳಿಗೆ ನಾನು ಮಾಡುತ್ತಿದ್ದದ್ದು ಮಿಮಿಕ್ರಿ ಅಲ್ಲವೇ ಅಲ್ಲ, ಮೂಕಾಭಿನಯ. ನನಗೇ ಗೊತ್ತಿರಲಿಲ್ಲ.

ಇಷ್ಟಾದ ಮೇಲೆ ಎಲ್ಲರೂ ಎದ್ದು ಆಸ್ಪತ್ರೆಗೆ ಹೊರಟರು ಅಂದುಕೊಂಡರೆ ನಮ್ಮ ಜನ ನಿಮಗೆ ಗೊತ್ತಿಲ್ಲ. ಓನರ್ ಅಮ್ಮ ‘ಆಟದಲ್ಲಿ ಗಮನ ಇತ್ತು ತಂಬಿ, ಅದಕ್ಕೆ’ ಅಂದರು. ಅವ್ವ ಕುಟ್ಟಾಣಿ ತರಲು ಒಳಗೆ ಹೋದಳು. ಬಜಾರಿನ ಕ್ಲಿನಿಕ್ಕಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗುಗ್ಗೆ ಇದೆ ಅಂತ ತೆಗೆದು, ‘ಐದು ವರ್ಷ ಆಗ್ಲಿ, ಆಗಲೂ ಮಾತಾಡಿಲ್ಲಾಂದ್ರೆ ಬನ್ನಿ’ ಅಂದರು. ಟಾನಿಕ್ ಬರೆದುಕೊಟ್ಟರು. ಮಗು ಅದನ್ನು ಇಷ್ಟಪಟ್ಟು ಕುಡಿಯಿತು. ಎರಡು ತಿಂಗಳು ಹೀಗೇ ಕಳೆಯಿತು. ಒಂದೊಂದು ತಿಂಗಳೂ ಹೋದರೆ ಹೋಯಿತು ಅನ್ನುವ ಟೀಚರ್ ಧ್ವನಿ ಈಗ ನನ್ನ ಗಂಟಲಲ್ಲೇ ಕೂತಿತ್ತು. ಬೇಡವೆಂದಾಗಲೂ ಅದೇ ಬರುತ್ತಿತ್ತು.

ಭಾವ ಮಾತ್ರ ಅವತ್ತಿನಿಂದ ಹೆಚ್ಚು ಮಾತಾಡಿರಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಅಂತ ನಾನು ಹಟ ಹಿಡಿದಾಗ ಒಂದು ದಿನ ನಲ್ಲಿಯ ಹತ್ತಿರ ನಿಲ್ಲಿಸಿಕೊಂಡ.

‘ಹೆಣ್ ಕೂಸು ಅದು. ಆಸ್ಪತ್ರ್ಯಾಗ ಒಂದ್ ಸಲ ಚೀಟಿ ಮ್ಯಾಲ ಕಿವುಡಿ ಅಂತ ಬರದ್ರಂದ್ರ ಮುಗೀತು. ಅದಾ ಹೆಸರಾಗ್ತದ.’

‘ಈಗ ಇರೋ ಹೆಸರು ಏನು ಭಾವ? ಮೊಂಡಿ ಅಂತ. ಅದಕ್ಕೆ ಏಟು ಬೇರೆ.’

ಅವನು ಕೊಡ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ. ಹಿಂದೆ ನಿಂತಿದ್ದ ಅಕ್ಕ ಬಂದು ನಿಲ್ಲಿಸಿದಳು. ‘ಗುರುವಾರ ನಾ ರಜಾ ಹಾಕ್ತೀನಿ’ ಅಂದಳು, ಇಬ್ಬರಿಗೂ ಅಲ್ಲ, ಕೊಡಕ್ಕೆ ಹೇಳುವಂತೆ.

ಊರೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿಗೆ ಗುರುವಾರ. ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಡಾಕ್ಟರು ಹೇಳಿದ ಪರೀಕ್ಷೆಗೆ ತಾರೀಖು ಪಡೆಯಲು ಇನ್ನೊಂದು. ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿ, ಕಿವಿಗೆ ಶಬ್ದ ಬಿಟ್ಟು, ಅದು ಒಳಗೆ ಮುಟ್ಟುತ್ತದೋ ಇಲ್ಲವೋ ಅಂತ ಮಷಿನ್ನಿನಲ್ಲಿ ನೋಡುವ ಪರೀಕ್ಷೆ ಅದು. ಮಗು ಅಲ್ಲಾಡಬಾರದು, ಆದ್ದರಿಂದ ಮಲಗಿರಬೇಕು. ನಿದ್ದೆಯ ಸಿರಪ್ ಕೊಟ್ಟು ಕಾರಿಡಾರಿನಲ್ಲಿ ಕೂರಿಸಿದರು.

ಅಕ್ಕನಿಗೆ ನಿದ್ದೆ ಬಂತು. ಭಾವನಿಗೆ ಬಂತು. ಪಕ್ಕದ ಬೆಂಚಿನ ಅಜ್ಜನಿಗೂ ಬಂತು. ಸಿರಪ್ ಕುಡಿದವಳು ಮಾತ್ರ ಅಜ್ಜನ ಗೊರಕೆಯ ಬಾಯನ್ನು ನೋಡಿ ಅದೇ ಥರ ಬಾಯಿ ಮಾಡುತ್ತಿದ್ದಳು. ನಾನು ತೊಡೆಯ ಮೇಲೆ ಹಾಕಿಕೊಂಡು, ಅವ್ವನ ಧ್ವನಿಯಲ್ಲಿ ಜೋಗುಳ ಶುರು ಮಾಡಿದೆ. ಚೆನ್ನಾಗಿ ಬರುತ್ತಿತ್ತು. ಎರಡನೆಯ ಸಾಲಿಗೆ ಹೋಗುವಾಗ ಆಯಮ್ಮ ಬಂದು ಎದುರು ನಿಂತರು.

‘ಏನಪ್ಪಾ, ಮಗೂಗೆ ಕಿವಿ ಕೇಳ್ಸಲ್ಲ ಅಂತ ತಾನೇ ಬಂದಿರೋದು?’

‘ಹೌದು ಆಯಮ್ಮ.’

‘ಮತ್ತೆ ಯಾರಿಗೆ ಹಾಡ್ತಿದೀಯ? ಬೆನ್ನು ತಟ್ಟು.’

ತಟ್ಟಿದೆ. ಮಲಗಿತು. ಒಳಗೆ ಹೋಗಿ ವೈರು ಅಂಟಿಸುವಷ್ಟರಲ್ಲಿ ಎದ್ದಿತು. ಇನ್ನೊಂದು ತಾರೀಖು. ಆ ತಾರೀಖಿಗೆ ಕರೆಂಟು ಇರಲಿಲ್ಲ. ಮತ್ತೊಂದು ತಾರೀಖು. ಮೂರನೆಯ ಸಲ ಹೋಗುವಾಗ ಸಿರಪ್ಪಿನ ಅಗತ್ಯವೇ ಬೀಳದ ಹಾಗೆ ಬೆಳಗಿನ ಜಾವದಿಂದ ಅವಳನ್ನು ವಠಾರದ ಮಕ್ಕಳ ಜೊತೆ ಕುಣಿಸಿ ಕುಣಿಸಿ ಕರೆದುಕೊಂಡು ಹೋದೆವು. ಬಸ್ಸಿನಲ್ಲೇ ಮಲಗಿದಳು. ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನಾನು ಉಸಿರನ್ನೂ ಸದ್ದಾಗದಂತೆ ಬಿಡುತ್ತಿದ್ದೆ. ಭಾವ ಮೆಲ್ಲಗೆ, ‘ಅದಕ್ಕ ಕೇಳ್ಸಂಗಿಲ್ಲೋ, ಆರಾಮ ಉಸರಾಡು’ ಅಂದ. ಅಂದದ್ದು ತಾನೇ ಅಂತ ಆಮೇಲೆ ಗೊತ್ತಾಗಿ ಕಿಟಕಿಯ ಕಡೆ ತಿರುಗಿದ. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಪರೀಕ್ಷೆ ಮಾಡುವ ಮೇಡಂ ಕಾಗದದ ಮೇಲಿನ ಗೆರೆಗಳನ್ನು ತೋರಿಸಿದರು. ಎರಡೂ ಕಿವಿ. ತೀರಾ ಹತ್ತಿರದ ತೀರಾ ದೊಡ್ಡ ಸದ್ದು ಬಿಟ್ಟರೆ ಏನೂ ಇಲ್ಲ. ಕಿವಿಗೆ ಮಷಿನ್ ಹಾಕಬೇಕು, ಮಾತು ಕಲಿಸುವ ಕ್ಲಾಸಿಗೆ ಕಳಿಸಬೇಕು, ಮನೆಯಲ್ಲಿ ಎದುರು ಕೂತು ಮಾತಾಡಬೇಕು, ಇನ್ನು ಒಂದು ದಿನವೂ ತಡ ಮಾಡಬಾರದು. ನಾನು ಕುಟ್ಟಾಣಿಯ ವಿಷಯ ಹೇಳಿದೆ. ‘ಎಲ್ಲರ ಮನೆಯಲ್ಲೂ ಒಂದು ಕುಟ್ಟಾಣಿ ಇರುತ್ತೆ’ ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ, ‘ಡೌಟ್ ಬಂದಿದ್ದು ಯಾವಾಗಮ್ಮ?’ ಅಂದರು.

‘ಡೌಟ್ ಬಂದಿಲ್ರಿ. ಮಾತ್ ಕೇಳಂಗಿಲ್ಲ ಅಂತ ಎರಡ್ ವರ್ಷದಿಂದ ಎಲ್ಲಾರ ಮುಂದ ಹೇಳ್ಕೋತ ಬಂದೀನ್ರಿ, ಅಷ್ಟಾ.’

ಮೇಡಂ ಫೈಲಿನಲ್ಲಿ ಬರೆಯತೊಡಗಿದರು. ‘ಎರಡು ವರ್ಷದಿಂದ ಮಾತು ಕೇಳ್ಸಲ್ಲ.’

‘ಅಲ್ರಿ. ಕೇಳ್ಸಂಗಿಲ್ಲ ಅಂತ ಅಲ್ರಿ, ಕೇಳಂಗಿಲ್ಲ ಅಂದ್ರ...’

ಅಲ್ಲಿಗೆ ನಿಂತಳು. ಮೇಡಂ ಪೆನ್ನು ಹಿಡಿದು ಕಾದರು. ಬರೆದದ್ದು ಹಾಗೇ ಉಳಿಯಿತು. ಎರಡು ವರ್ಷ, ಮೂರು ಭಾಷೆಯಲ್ಲಿ, ಆರು ಕೋಣೆಯ ಜನ ಸರಿಯಾಗಿಯೇ ಹೇಳಿಕೊಂಡು ಬಂದಿದ್ದೆವು. ನಡುವೆ ಒಂದು ‘ಸ’ ಅಕ್ಷರ ಸೇರಿಸಿಕೊಂಡಿದ್ದರೆ ಸಾಕಿತ್ತು. ತಮಿಳಿನಲ್ಲಿ, ಉರ್ದುವಿನಲ್ಲಿ ಅದೂ ಬೇಕಿರಲಿಲ್ಲ, ಅಲ್ಲಿ ಎರಡಕ್ಕೂ ಒಂದೇ ಮಾತು. ವಠಾರದ ಧ್ವನಿಗಳನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡು ತಿರುಗುವ ನನಗಾದರೂ ಇದು ಕೇಳಿಸಬೇಕಿತ್ತು. ಕಿವುಡು ಎಲ್ಲೆಲ್ಲಿ ಇತ್ತು ಅಂತ ಆ ಮಷಿನ್ನಿಗೆ ನಮ್ಮನ್ನೂ ಹಚ್ಚಿ ನೋಡಬೇಕಿತ್ತು.

ಮನೆಗೆ ಬರುವ ಬಸ್ಸಿನಲ್ಲಿ ಮಗು ಅಕ್ಕನ ತೊಡೆಯ ಮೇಲೆ ಮಲಗಿತ್ತು. ಅಕ್ಕ ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ನಾನು ಕಂಡಕ್ಟರನ್ನೂ ಅನುಕರಿಸಲಿಲ್ಲ.

ಮಷಿನ್ ಬಂದದ್ದು ಮತ್ತೆ ಎರಡು ತಿಂಗಳಿಗೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅದರಿಂದ ಕಿವಿಗೆ ವೈರು. ಅವ್ವ ಅದಕ್ಕೆ ಬಟ್ಟೆಯ ಚೀಲ ಹೊಲಿದು ಮಗುವಿನ ಎದೆಗೆ ಕಟ್ಟಿದಳು. ಮೊದಲ ಧ್ವನಿ ಯಾರದಿರಬೇಕು ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಎದುರು ಕೂತು, ಧ್ವನಿ ಸಮೇತ ಕಂಡಕ್ಟರ್ ಐಟಂ ಮಾಡಿದೆ. ‘ಪೀ’ ಅಂದದ್ದೇ ತಡ, ಅವಳ ಮುಖ ಕೆಟ್ಟಿತು. ವೈರು ಕಿತ್ತೆಸೆದು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಒಂದು ವಾರ ನನ್ನನ್ನು ಕಂಡರೆ ಎದೆಯ ಚೀಲದ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಆರ್ಕೆಸ್ಟ್ರಾದ ಜನ ಎಷ್ಟೋ ವಾಸಿ ಅನ್ನಿಸಿತು.

ಮಾತಿನ ಕ್ಲಾಸು ಕೆ.ಆರ್. ಪುರಂ ಕಡೆ. ಅಲ್ಲಿ ಹೊಸ ಸೇತುವೆ ಕಟ್ಟುತ್ತಿದ್ದ ವರ್ಷಗಳು, ಬಸ್ಸು ನಿಂತರೆ ನಿಂತದ್ದೇ. ನಿಂತ ಬಸ್ಸಿನಲ್ಲಿ ದಿನಾ ಯಾರಾದರೊಬ್ಬರು ಬುದ್ಧಿ ಹೇಳುತ್ತಿದ್ದರು. ‘ಇಷ್ಟು ಚಿಕ್ಕ ಮಗೂಗೆ ರೇಡಿಯೋ ಬೇಕಾ? ಕಿವಿ ಹಾಳಾಗುತ್ತೆ ರೀ.’ ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ, ‘ವಾರ್ತೆ ಕೇಳ್ತಾಳೆ’ ಅಂದುಬಿಡುತ್ತಿದ್ದೆ. ಕ್ಲಾಸಿನಲ್ಲಿ ಕಲಿಸಿದ್ದನ್ನು ಮನೆಯಲ್ಲಿ ನೂರು ಸಲ ಹೇಳಿಸಬೇಕು. ಪ, ಬ, ಮ. ಬೇರೆಯವರ ಧ್ವನಿಯಲ್ಲಿ ಹೇಳಿದರೆ ಅವಳು ಗಲಿಬಿಲಿಗೊಳ್ಳುತ್ತಾಳೆ, ನಿಮ್ಮದೇ ಧ್ವನಿಯಲ್ಲಿ ಹೇಳಿ ಅಂತ ಕ್ಲಾಸಿನ ಮೇಡಂ ನನಗೆ ಬೇರೆಯಾಗಿ ಎಚ್ಚರಿಸಿದ್ದರು. ಅದು ಎಲ್ಲಕ್ಕಿಂತ ಕಷ್ಟದ ಐಟಂ. ಆರು ತಿಂಗಳು, ಎಂಟು ತಿಂಗಳು, ಏನೂ ಇಲ್ಲ. ಗೋಡೆಗೆ ಹೇಳಿದ್ದರೆ ಗೋಡೆ ಕಲಿಯುತ್ತಿತ್ತು. ಒಂದು ದಿನ ‘ಮಾಮ’ ಅಂದಳು, ನನಗಲ್ಲ, ಮೊಟ್ಟೆಯ ಚಾಚಾಗೆ. ಅವರು ಎಲ್ಲ ಮೊಟ್ಟೆಯ ಮಹಿಮೆ ಅಂದರು. ನಾನು ವಾದಿಸಲಿಲ್ಲ.

ಅವಳಿಗೆ ಐದು ತುಂಬಿದ ಮೇಲಿನ ಮಾತು. ಬೆಳಿಗ್ಗೆ ನಲ್ಲಿಯ ಹತ್ತಿರ ನಮಗೆಲ್ಲ ಬೆನ್ನು ಮಾಡಿ ಕೂತು ನೀರು ಚೆಲ್ಲಾಡುತ್ತಿದ್ದಳು, ಮಷಿನ್ ಎದೆಯ ಮೇಲೇ ಇತ್ತು. ಕೋಣೆಯ ಬಾಗಿಲಿನಿಂದ ಅಕ್ಕ ಕರೆದಳು. ನಡುವೆ ಇಡೀ ಅಂಗಳ. ನಾನು ಹಲ್ಲುಜ್ಜುತ್ತಾ ನಿಂತಿದ್ದೆ. ಮಗುವಿನ ಕೈ ನೀರಿನಲ್ಲಿ ನಿಂತಿತು. ಒಂದು ಕ್ಷಣ ಹಾಗೇ ಇತ್ತು. ತಲೆ ತಿರುಗಲಿಲ್ಲ. ಕೈ ಮತ್ತೆ ನೀರಿಗೆ ಬಡಿಯತೊಡಗಿತು.

ಅಕ್ಕ ಇನ್ನೊಮ್ಮೆ ಕರೆದಳು, ‘ಬಾ ಇಲ್ಲಿ.’

‘ಬಲ್ಲ’ ಅಂದಳು ಮಗು, ತಿರುಗದೆಯೇ.

ಬರಲ್ಲ ಅಂತ. ಸ್ಪಷ್ಟವಾಗಿ, ಸಿಟ್ಟಿನಿಂದ, ಬೆನ್ನು ಹಾಕಿಕೊಂಡು. ಅಕ್ಕನ ಬಲಗೈ ಎದ್ದದ್ದು ನೋಡಿದೆ. ಎದ್ದದ್ದು ಅವಳ ಬಾಯಿಗೇ ಹೋಗಿ ಕೂತಿತು. ಆಮೇಲೆ ಒಳಗೆ ತಿರುಗಿ ಕರೆದಳು. ‘ಅವ್ವಾ, ಬಾ ಇಲ್ಲಿ. ಬ್ಯಾಗ ಬಾ. ಈ ಹುಡುಗಿ ಮಾತ್ ಕೇಳಂಗಿಲ್ಲ ನೋಡ.’

ಅವ್ವ ಬಂದಳು, ಭಾವ ಅರ್ಧ ಗಡ್ಡ ಕೆರೆದುಕೊಂಡು ಬಂದ, ಓನರ್ ಅಮ್ಮ ಮಹಡಿಯಿಂದ ಇಣುಕಿ ‘ಎನ್ನಾ, ಎನ್ನಾ’ ಅಂದರು. ಅಕ್ಕ ಮತ್ತೆ ಕರೆದು ತೋರಿಸಿದಳು. ಮಗು ಮತ್ತೆ ‘ಬಲ್ಲ’ ಅಂದಳು. ಭಾವ ಕರೆದ. ಅವನಿಗೂ ಬಲ್ಲ. ಆರು ಕೋಣೆಯವರೂ ಸರದಿಯಲ್ಲಿ ಕರೆದು, ಸರದಿಯಲ್ಲಿ ಬಲ್ಲ ಅನ್ನಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಅವಳನ್ನು ನೀರಿನಿಂದ ಎತ್ತಬೇಕು ಅನ್ನುವುದು ಒಬ್ಬರಿಗಾದರೂ ನೆನಪಾಗಬೇಕಲ್ಲ. ಇಲ್ಲ. ನಾನೂ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನೋಡುತ್ತಲೇ ನಿಂತಿದ್ದೆ.

ಮಷಿನ್ ಪೂರ್ತಿ ನೆನೆದಿತ್ತು. ನಾಲ್ಕು ದಿನ ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಒಣಗಿಸಿದೆವು. ಆ ನಾಲ್ಕು ದಿನವೂ ಅಕ್ಕ ಅವಳನ್ನು ಕರೆಯಬೇಕಾದಾಗಲೆಲ್ಲ ಅಂಗಳ ದಾಟಿ ಹೋಗಿ, ಎದುರು ಕುಕ್ಕರುಗಾಲಲ್ಲಿ ಕೂತು, ಮುಖ ತೋರಿಸಿ ಕರೆದಳು. ಮಗು ಅಮ್ಮನ ಬಾಯಿ ನೋಡಿ ಎದ್ದು ಬರುತ್ತಿತ್ತು. ಐದನೆಯ ದಿನ ಮಷಿನ್ ಕಟ್ಟಿದ ಮೇಲೆ ಮತ್ತೆ ಬಲ್ಲ ಶುರುವಾಯಿತು.